ಕಣ್ಣಿನೊಳಗಿನ ಹೊಗೆ

ವಾರ್ಷಿಕ ಸಂಚಿಕೆಯ ಸಂಪಾದಕವರ್ಗದ ವಿದ್ಯಾರ್ಥಿಗಳು ನಮ್ಮಲ್ಲಿಗೆ ಬಂದು, ಈ ಬಾರಿ ವ್ಯಾಕರಣದ ಲೇಖನ ಬೇಡವೆಂದು ವಿನಯದಿಂದಲೇ ತಿಳಿಸಿದರು. ಕಳೆದ ಎರಡು ಸಂಚಿಕೆಗಳಿಗೆ ನಾವು ಸಂಧಿಸಮಾಸಗಳನ್ನು ಕುರಿತು ಬರೆದಿದ್ದೆವು. ಕರಡು ತಿದ್ದಿದವರ ಹೊರತು ಬೇರಾರೂ ಅವನ್ನು ಓದಿದಂತೆ ತೋರಲಿಲ್ಲ. ಹಾಗಾದರೆ ಏನು ಬರೆಯೋಣವೆಂದು ಕೇಳಿದೆವು. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಕಡೆಗೆ ಅವರಲ್ಲೊಬ್ಬಳು, "ಸರ್, ನಿಮ್ಮ ಕಣ್ಣಿನ ವಿಷಯ ಬರೀರಿ. ಎಲ್ಲರೂ ಒಂದೊಂದು ಥರ ಹೇಳ್ತಾರೆ" ಎಂದಳು.

ಮಾತು ನಿಜ. ನಮ್ಮ ಎಡಗಣ್ಣಿನ ಕಥೆ ಶಾಲೆಯಲ್ಲಿ ಮೂರು ಬಗೆಯಾಗಿ ಪ್ರಚಾರದಲ್ಲಿದೆಯೆಂದು ನಮಗೂ ಗೊತ್ತು. ಏಳನೆಯ ತರಗತಿಯವರ ಪ್ರಕಾರ ಆ ಕಣ್ಣು ಹೋಗಿಯೇಬಿಟ್ಟಿದೆ. ಎಂಟನೆಯವರ ಪ್ರಕಾರ ಅದಕ್ಕೆ ವಿದ್ಯುತ್ತು ಹಾಯಿಸಿದ್ದಾರೆ. ಐದನೆಯ ತರಗತಿಯ ಪಂಡಿತರಂತೂ ಕಣ್ಣನ್ನು ಹೊರಗೆ ತೆಗೆದು, ತೊಳೆದು, ಮರಳಿ ಇಟ್ಟಿದ್ದಾರೆಂದು ನಿರ್ಣಯಿಸಿದ್ದಾರೆ. ಆದುದರಿಂದ ನಡೆದುದನ್ನು ನಡೆದಂತೆ ಹೇಳಿಬಿಡುವುದೇ ಲೇಸು.

ಕಳೆದ ಜನವರಿಯ ಒಂದು ಶನಿವಾರ. ಸ್ನೇಹಸಮ್ಮೇಳನದ ನಿಮಿತ್ತ ಒಂಬತ್ತನೆಯ ತರಗತಿಯವರಿಗೂ ಶಿಕ್ಷಕರಿಗೂ ಕ್ರಿಕೆಟ್ ಪಂದ್ಯವಿತ್ತು. ಚೆಂಡೆಸೆಯಲೂ ಬಾರದ, ದಾಂಡು ಬೀಸಲೂ ಬಾರದ ಶಿಕ್ಷಕರನ್ನು ವಿಕೆಟ್ಟಿನ ಹಿಂದೆ ನಿಲ್ಲಿಸುವುದು ವಾಡಿಕೆ; ನಾವು ನಿಂತೆವು. ಚೆಂಡು ರಬ್ಬರಿನದು, ದೊಡ್ಡ ನಿಂಬೆಯ ಗಾತ್ರದ್ದು, ಗಟ್ಟಿಯಾದುದು. ರಬ್ಬರಿನ ಚೆಂಡಿನಿಂದ ಏನಾದೀತೆಂದು ಎಲ್ಲರೂ ಎಣಿಸುತ್ತಾರೆ. ವಾಸ್ತವವಾಗಿ ದೊಡ್ಡ ಚೆಂಡಿನ ಪೆಟ್ಟನ್ನು ಹುಬ್ಬಿನ ಮೂಳೆಯೂ ಕೆನ್ನೆಯ ಮೂಳೆಯೂ ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಚಿಕ್ಕ ಚೆಂಡು ಆ ಮೂಳೆಗಳ ನಡುವಣ ಗುಳಿಯೊಳಕ್ಕೇ ಹೊಕ್ಕು ಕಣ್ಣುಗುಡ್ಡೆಯನ್ನು ಒತ್ತುತ್ತದೆ. ಇದು ಆಗ ನಮಗೆ ತಿಳಿಯದು. ದಾಂಡಿನ ಅಂಚಿಗೆ ತಗುಲಿದ ಚೆಂಡು ದಿಕ್ಕು ಬದಲಿಸಿ ನೆಟ್ಟಗೆ ಎಡಗಣ್ಣಿಗೆ ಬಂದು ಬಡಿಯಿತು. ಕ್ಷಣಕಾಲ ಹಗಲಿನಲ್ಲೇ ನಕ್ಷತ್ರ ಕಂಡುವು. ದಾಂಡನ್ನು ಅಲ್ಲಿಯೇ ಬಿಸುಟು ಹುಡುಗ ಓಡಿಬಂದ. ಅವನ ಹೆಸರು ಇಲ್ಲಿ ಬೇಡ, ಬಲ್ಲವರು ಬಲ್ಲರು. "ಸರ, ಕಣ್ಣಿಗೆ ಬಡೀತೇನ್ರಿ?" ಎಂದು ಕೇಳುವಾಗ ಅವನ ಬಾಯಿ ಒಣಗಿತ್ತು. "ಏನೂ ಆಗಿಲ್ಲೋ ತಮ್ಮಾ, ಆಟ ನಡೀಲಿ" ಎಂದು ಕಣ್ಣೊರಸಿಕೊಂಡು ಮತ್ತೆ ನಿಂತೆವು. ಈ ಒಂದು ಸುಳ್ಳಿನ ವಿಷಯ ಮುಂದೆ ಬರುತ್ತದೆ.

ವಿಕೆಟ್ಟಿನ ಹಿಂದೆ ನಿಲ್ಲುವವರಿಗೆ ಈ ಗಂಡಾಂತರ ಹೊಸದಲ್ಲ. 2000ದ ಮೇ ತಿಂಗಳಲ್ಲಿ ಢಾಕಾ ನಗರದಲ್ಲಿ ಏಷ್ಯಾ ಕಪ್ ಪಂದ್ಯ ನಡೆದಾಗ, ನಮ್ಮ ಬೆಂಗಳೂರಿನ ಅನಿಲ ಕುಂಬ್ಳೆಯವರು ಎಸೆದ ಚೆಂಡು ದಾಂಡಿಗನ ಪಾದಕ್ಕೆ ತಗುಲಿ ಪುಟಿದು, ಹಿಂದಿದ್ದ ಸಬಾ ಕರೀಮರ ಬಲಗಣ್ಣಿಗೆ ಬಡಿಯಿತು. ಶಸ್ತ್ರಚಿಕಿತ್ಸೆಯಾಯಿತು. ಅದೇ ವರ್ಷ ಅವರು ಒಂದು ಟೆಸ್ಟ್ ಆಡಿದರು. ಅದೇ ಅವರ ಮೊದಲನೆಯ ಟೆಸ್ಟ್, ಕಡೆಯದೂ ಹೌದು. ದಕ್ಷಿಣ ಆಫ್ರಿಕದ ಮಾರ್ಕ್ ಬೌಚರ್ 2012ರಲ್ಲಿ ಇಂಗ್ಲೆಂಡಿನಲ್ಲಿ ಆಡುತ್ತಿರುವಾಗ ವಿಕೆಟ್ಟಿನ ಮೇಲಣ ಬೇಲ್ಸ್ ಹಾರಿ ಕಣ್ಣಿಗೆ ತಗುಲಿತು. ಅವರು ಮತ್ತೆ ಅಂತರರಾಷ್ಟ್ರೀಯ ಪಂದ್ಯ ಆಡಲೇ ಇಲ್ಲ. ಇಂತಹ ಮಹನೀಯರ ಸಾಲಿನಲ್ಲಿ ನಮ್ಮನ್ನು ಸೇರಿಸಿಕೊಳ್ಳುವುದು ಉದ್ಧಟತನ. ಆದರೆ ಕಣ್ಣಿಗೆ ಆಟಗಾರನ ಯೋಗ್ಯತೆ ತಿಳಿಯದು.

ಭಾನುವಾರ ಮುಂಜಾನೆ ಕಣ್ಣು ಕೆಂಪಾಗಿತ್ತು, ನೋವು ಅಷ್ಟಾಗಿ ಇರಲಿಲ್ಲ. ಹತ್ತಿರದ ಔಷಧಿಯಂಗಡಿಯಲ್ಲಿ ಕೇಳಿ ಒಂದು ಹನಿಯ ಶೀಶೆ ತಂದೆವು. ವೈದ್ಯರ ಚೀಟಿಯಿಲ್ಲದೆ ಕಣ್ಣಿಗೆ ಹನಿ ಹಾಕಬಾರದೆಂದು ಮಕ್ಕಳಿಗೆ ಆರೋಗ್ಯದ ಪಾಠದಲ್ಲಿ ಹೇಳುವವರು ನಾವೇ. ಸೋಮವಾರ ಬದಲಾಪುರದಿಂದ ರೈಲಿನಲ್ಲಿ ಬರುವಾಗ ಮಲಂಗಗಡದ ಬೆಟ್ಟದ ಮೇಲೆ ಕಂದು ಹೊಗೆ ಕವಿದಂತೆ ಕಂಡಿತು. ಅಂಬರನಾಥದ ರಾಸಾಯನಿಕ ಕಾರ್ಖಾನೆಗಳ ಹೊಗೆ ಇಂದು ಹೆಚ್ಚೆಂದು ಪಕ್ಕದವರಿಗೆ ಹೇಳಿದೆವು. ಅವರು ಕಿಟಕಿಯಿಂದ ನೋಡಿ, ಆಕಾಶ ಸ್ವಚ್ಛವಾಗಿದೆಯಲ್ಲ ಎಂದರು. ಉಲ್ಹಾಸನಗರ ದಾಟಿತು, ವಿಠ್ಠಲವಾಡಿ ದಾಟಿತು, ಕಲ್ಯಾಣ ಬಂತು. ಹೊಗೆ ಮಾತ್ರ ನಮ್ಮೊಡನೆಯೇ ಪ್ರಯಾಣ ಮಾಡುತ್ತಿತ್ತು. ಕಾರ್ಖಾನೆಯ ಹೊಗೆ ರೈಲು ಹತ್ತುವುದಿಲ್ಲವೆಂದು ಆಗಲೇ ಹೊಳೆಯಬೇಕಾಗಿತ್ತು.

ಮರುದಿನ ಹೊಗೆಯ ಜತೆಗೆ ಜೇಡನ ಬಲೆಯೂ ಬಂತು. ಕಣ್ಣು ತಿರುಗಿಸಿದತ್ತ ಅದು ತೇಲುತ್ತ ಬರುವುದು, ನಿಂತರೆ ಮೆಲ್ಲಗೆ ಕೆಳಗಿಳಿಯುವುದು. ಅದರ ನಡುವೆ ಉಂಗುರದಂತಹ ಒಂದು ಕಪ್ಪು ಚಿಹ್ನೆ. ಆ ದಿನಗಳಲ್ಲಿ ನಾವು ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆವು. ಒಬ್ಬ ವಿದ್ಯಾರ್ಥಿ "ಅಗಡಿ" ಎಂದು ಬರೆದಿದ್ದ. ನಮ್ಮ ಕಣ್ಣಿನ ಉಂಗುರ ತೇಲಿಬಂದು ಅಕಾರದ ಪಕ್ಕದಲ್ಲಿ ಸೊನ್ನೆಯಾಗಿ ಕುಳಿತಿತು. "ಅಂಗಡಿ" ಎಂದು ಓದಿ ಪೂರ್ಣ ಅಂಕ ಕೊಟ್ಟೆವು. ಎಷ್ಟು ಜನ ಹೀಗೆ ಪುಣ್ಯವಂತರಾದರೋ ಲೆಕ್ಕವಿಲ್ಲ. ರಾತ್ರಿ ದೀಪವಾರಿಸಿದ ಮೇಲೆ ಕಣ್ಣಿನ ಅಂಚಿನಲ್ಲಿ ಬಿಲ್ಲಿನಾಕಾರದ ಮಿಂಚುಗಳು ಹೊಳೆದುವು. ಆದರೂ ವೈದ್ಯರಲ್ಲಿಗೆ ಹೋಗಲಿಲ್ಲ. ಪತ್ರಿಕೆಗಳನ್ನು ಗುರುವಾರ ಒಪ್ಪಿಸಬೇಕಾಗಿತ್ತು, ನೋವಂತೂ ಇರಲಿಲ್ಲ. ಜತೆಗೆ ಇನ್ನೊಂದು ಕಾರಣ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರೆ ಆ ಹುಡುಗನ ಮುಖ ಏನಾದೀತು ಎಂಬ ಅಳುಕು.

ಊರಿಗೆ ದೂರವಾಣಿಯಲ್ಲಿ ಮಾತಾಡುವಾಗ ತಾಯಿಯವರಿಗೆ ವಿಷಯ ತಿಳಿಯಿತು. "ಪೊರಿ ಬಂದದೇನೋ ತಮ್ಮಾ? ನಂದಬಟ್ಟಲ ಹೂವಿನ ರಸ ಹಿಂಡು" ಎಂದರು. ಅವರು ಹಾಗೆನ್ನುವುದಕ್ಕೆ ಕಾರಣವಿದೆ. ನಮ್ಮದು ವಿಜಾಪುರ ಸೀಮೆ. ಆ ಸೀಮೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರಶಿಬಿರ ನಡೆಸಿ, ಬಡವರ ಕಣ್ಣಿನ ಪೊರೆ ತೆಗೆದು ಬೆಳಕು ಕೊಟ್ಟ ಮಹಾನುಭಾವರು. 1956ರಲ್ಲಿ ಪದ್ಮಶ್ರೀಯೂ 1968ರಲ್ಲಿ ಪದ್ಮಭೂಷಣವೂ ಅವರಿಗೆ ಬಂದುವು, 2005ರಲ್ಲಿ ತೀರಿಕೊಂಡರು. ನಮ್ಮ ಅಜ್ಜಿಗೆ ದೃಷ್ಟಿ ಮರಳಿದ್ದು ಅವರ ಶಿಬಿರದಲ್ಲಿಯೇ. ಶೀಶೆಯ ತಳದಂತಹ ದಪ್ಪ ಗಾಜಿನ ಕನ್ನಡಕಕ್ಕೆ ನೂಲು ಕಟ್ಟಿಕೊಂಡು ಆಕೆ ನಮ್ಮ ಪಾಟಿಯ ಅಕ್ಷರಗಳನ್ನು ನೋಡುತ್ತಿದ್ದುದು ಇನ್ನೂ ನೆನಪಿದೆ. ಹೀಗಾಗಿ ನಮ್ಮೂರಿನಲ್ಲಿ ಕಣ್ಣಿನ ಬೇನೆ ಎಂದರೆ ಪೊರೆ ಎಂದೇ ಅರ್ಥ. ಪೊರೆ ಅವಸರದ ಬೇನೆಯಲ್ಲ. ಬೇಸಗೆಯ ಶಿಬಿರ ತಪ್ಪಿದರೆ ಮುಂದಿನ ಬೇಸಗೆಗೆ ಹೋದರೂ ನಡೆಯುತ್ತಿತ್ತು. ಕಾಯುವ ಈ ಅಭ್ಯಾಸ ನಮ್ಮ ರಕ್ತದಲ್ಲಿಯೇ ಇಳಿದಿತ್ತು. ಹೂವಿನ ರಸವನ್ನು ಮಾತ್ರ ಹಿಂಡಿಕೊಳ್ಳಲಿಲ್ಲ. ಬದಲಾಪುರದಲ್ಲಿ ಗಿಡ ಸಿಗಲಿಲ್ಲವೆಂಬುದೇ ಅದಕ್ಕೆ ಕಾರಣ, ಬುದ್ಧಿಯಲ್ಲ.

ಬುಧವಾರ ಸಂಜೆ ಮನೆಯಾಕೆ ಮುಂದಿಟ್ಟ ಚಹದ ಬಟ್ಟಲಿಗೆ ಕೈಚಾಚಿದವರು ಬಟ್ಟಲಿನ ಪಕ್ಕದ ಗಾಳಿಯನ್ನು ಹಿಡಿದೆವು. ಆಕೆ ಮಾತಾಡಲಿಲ್ಲ. ಎದುರಿಗೆ ಕುಳಿತು ನಮ್ಮ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಷ್ಟು ಬೆರಳೆಂದು ಕೇಳಿದಳು. ಮೂರೆಂದೆವು. ಇದ್ದುದು ಎರಡು. ಅರ್ಧ ತಾಸಿನಲ್ಲಿ ನಾವು ಕಲ್ಯಾಣದ ರೈಲಿನಲ್ಲಿದ್ದೆವು.

ಕಲ್ಯಾಣದ ನೇತ್ರವೈದ್ಯೆ ಮರಾಠಿಯವರು. ಪಾಪೆ ಅಗಲವಾಗುವ ಹನಿ ಹಾಕಿ, ಹೊತ್ತು ಕಾದು, ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನೊಳಗೆ ರಕ್ತ ಒಸರಿದೆ, ಪಡದಾ ಎಲ್ಲಿಯೋ ಹರಿದಿರಬೇಕು ಎಂದರು. ಅವರು ಪಡದಾ ಎಂದದ್ದು ನಿಮ್ಮ ವಿಜ್ಞಾನ ಪುಸ್ತಕದ ಅಕ್ಷಿಪಟಲ. ಅವರು ತಿಳಿಸಿದ ಕ್ರಮವನ್ನು ನಮಗೆ ತಿಳಿದ ಮಾತಿನಲ್ಲಿ ಹೇಳುತ್ತೇವೆ. ಬೇಸಗೆಯಲ್ಲಿ ನಮ್ಮ ನಿಲ್ದಾಣದ ಹೊರಗೆ ಮಾರುವ ತಾಡಗೋಳಾ, ಎಂದರೆ ತಾಟಿನಿಂಗು, ತಿಂದಿದ್ದೀರಷ್ಟೆ. ಕಣ್ಣುಗುಡ್ಡೆಯ ಒಳಗೆ ಅಂತಹುದೇ ತಿಳಿಯಾದ ಲೋಳೆ ತುಂಬಿರುತ್ತದೆ. ಸುಮಾರು 4 ಮಿಲಿಲೀಟರ್, ಒಂದು ಚಹದ ಚಮಚಕ್ಕೂ ಕಡಿಮೆ. ಹಿಂದಿನ ಗೋಡೆಗೆ ತೆಳುವಾದ ಕಾಗದ ಅಂಟಿಸಿದಂತೆ ಅಕ್ಷಿಪಟಲವಿದೆ. ನಾವು ನೋಡಿದ್ದೆಲ್ಲ ಮೊದಲು ಮೂಡುವುದು ಅದರ ಮೇಲೆ. ಮುಂದಿನಿಂದ ಪೆಟ್ಟು ಬಿದ್ದಾಗ ಗುಡ್ಡೆ ಚಪ್ಪಟೆಯಾಗಿ ಪಕ್ಕಕ್ಕೆ ಉಬ್ಬುತ್ತದೆ. ಲೋಳೆ ಆ ಕಾಗದವನ್ನು ಹಿಡಿದೆಳೆಯುತ್ತದೆ. ಎಳೆತಕ್ಕೆ ಕಾಗದ ಹರಿಯಬಹುದು. ಹರಿದಲ್ಲಿ ಎಳೆಯಂತಹ ರಕ್ತನಾಳವಿದ್ದರೆ ಅದೂ ತುಂಡಾಗಿ ರಕ್ತ ಲೋಳೆಯಲ್ಲಿ ಕದಡುತ್ತದೆ. ಅದೇ ನಮ್ಮ ಅಂಬರನಾಥದ ಹೊಗೆ. ಎಳೆತವೇ ರಾತ್ರಿಯ ಮಿಂಚು. ಅಕ್ಷಿಪಟಲದಲ್ಲಿ ನೋವಿನ ನರಗಳಿಲ್ಲ. ಹರಿದರೂ ಅದು ಕೂಗಿಕೊಳ್ಳದು.

ರಕ್ತಕ್ಕಿಂತ ಹರಕು ದೊಡ್ಡ ಆಪತ್ತು. ಮಳೆಗಾಲದಲ್ಲಿ ಬದಲಾಪುರದ ಮನೆಗಳ ಗೋಡೆ ತೇವ ಹೀರಿ, ಬಣ್ಣದ ಪದರು ಒಂದು ಬಿರುಕಿನಿಂದ ಆರಂಭವಾಗಿ ಇಡಿಯಾಗಿ ಸುಲಿದು ಬರುವುದನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಹಾಗೆಯೇ ಹರಕಿನೊಳಗಿನಿಂದ ದ್ರವ ನುಸುಳಿ ಅಕ್ಷಿಪಟಲವನ್ನು ಗೋಡೆಯಿಂದ ಎಬ್ಬಿಸಿಬಿಟ್ಟರೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕು, ಆಗಲೂ ಹೋದ ದೃಷ್ಟಿ ಪೂರ್ತಿ ಬರುವ ಭರವಸೆಯಿಲ್ಲ. ಕಣ್ಣೆದುರು ಒಂದು ಪಕ್ಕದಿಂದ ಕಪ್ಪು ಪರದೆ ಇಳಿಯತೊಡಗಿದೆಯೇ ಎಂದು ವೈದ್ಯೆ ಮೂರು ಸಲ ಕೇಳಿದರು. ಇಲ್ಲವೆಂದೆವು. ಅವರು ನಿಟ್ಟುಸಿರು ಬಿಟ್ಟುದನ್ನು ಕಂಡು ನಮಗೆ ಮೊದಲ ಬಾರಿ ಭಯವಾಯಿತು.

ಪೆಟ್ಟು ಎಂದು ಬಿತ್ತೆಂದು ಅವರು ಕೇಳಿದಾಗ ಶನಿವಾರ ಎಂದೆವು. ಎಲ್ಲಿ, ಹೇಗೆ ಎಂಬುದನ್ನೂ ಹೇಳಿದೆವು. ಸ್ವಲ್ಪ ಹೊತ್ತು ಚೀಟಿ ಬರೆಯುತ್ತಿದ್ದು, ತಲೆಯೆತ್ತದೆಯೇ ಕೇಳಿದರು: "ಆ ಚೆಂಡು ನಿಮ್ಮ ಬದಲು ಆ ಹುಡುಗನ ಕಣ್ಣಿಗೆ ಬಿದ್ದಿದ್ದರೆ ಎಷ್ಟನೆಯ ದಿನ ಕರೆತರುತ್ತಿದ್ದಿರಿ, ಮಾಸ್ತರರೇ?" ಮನೆಯಾಕೆ ನಮ್ಮ ಕಡೆ ನೋಡಿದಳು. ಉತ್ತರ ಹೇಳುವ ಪ್ರಮೇಯವಿರಲಿಲ್ಲ.

ಆ ರಾತ್ರಿ ಮೂರು ದಿಂಬುಗಳಿಗೆ ಒರಗಿ ಕುಳಿತೇ ಮಲಗಬೇಕೆಂದು ಅಪ್ಪಣೆಯಾಯಿತು. ತಲೆ ಎತ್ತರದಲ್ಲಿದ್ದರೆ ರಕ್ತ ಕೆಳಗಿಳಿದು ನೆಲೆಸುತ್ತದೆ, ಮೇಲುಭಾಗ ವೈದ್ಯರಿಗೆ ಕಾಣುತ್ತದೆ. ಮರುದಿನ ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೊದಲು ರೆಪ್ಪೆಯ ಮೇಲಿಂದ ಶಬ್ದತರಂಗದ ಯಂತ್ರ ಹಿಡಿದು, ಪಟಲ ಗೋಡೆಯಿಂದ ಕಳಚಿಲ್ಲವೆಂದು ಖಚಿತಪಡಿಸಿಕೊಂಡರು. ರಾತ್ರಿಯ ದಿಂಬುಗಳು ಕೆಲಸ ಮಾಡಿದ್ದುವು. ಮೂಗಿನ ಕಡೆಯ ಮೇಲುಮೂಲೆಯಲ್ಲಿ ಕುದುರೆಯ ಲಾಳದಾಕಾರದ ಹರಕು ಕಂಡುಬಂತು. ಇಂದೇ ಲೇಸರ್ ಎಂದರು.

ಲೇಸರ್ ಎಂದೊಡನೆ ನಮಗೆ ಕತ್ತಿಯಂತಹ ಕಿರಣ ನೆನಪಾಗಿ ಅಂಗೈ ಬೆವರಿತು. ನಡೆದುದು ಇಷ್ಟೇ. ಮರವು ತರಿಸುವ ಹನಿ ಹಾಕಿದರು. ಗದ್ದವನ್ನು ಒಂದು ಯಂತ್ರದ ಮೇಲಿಡಿಸಿ, ಕಣ್ಣಿಗೆ ಲೋಳೆ ಸವರಿದ ಒಂದು ಮಸೂರವನ್ನು ಒತ್ತಿ ಹಿಡಿದರು. ಅಲುಗಬಾರದೆಂದರು. ಟಿಕ್, ಟಿಕ್ ಎಂಬ ಸಣ್ಣ ಸದ್ದಿನೊಡನೆ ಹಸುರು ಮಿಂಚುಗಳು ಒಂದರ ಹಿಂದೊಂದು ಬಂದುವು. ಪಾಠಶಾಲೆಯ ಅಭ್ಯಾಸಬಲದಿಂದ ಎಣಿಸತೊಡಗಿದೆವು. ಇನ್ನೂರರ ಮೇಲೆ ಲೆಕ್ಕ ತಪ್ಪಿತು. ಕೆಲವು ಮಿಂಚು ಒಳಗೆಲ್ಲೋ ಸೂಜಿ ಚುಚ್ಚಿದಂತಾಯಿತು, ಬಹುಪಾಲು ಏನೂ ಅನಿಸಲಿಲ್ಲ. ಕಾಲು ತಾಸಿಗೆಲ್ಲ ಮುಗಿಯಿತು. ಎದ್ದು ನೋಡಿದರೆ ಆ ಕಣ್ಣಿಗೆ ಕೋಣೆಯೆಲ್ಲ ಕತ್ತಲು. ಹೋಯಿತೆಂದುಕೊಂಡೆವು. ತೀವ್ರ ಬೆಳಕಿಗೆ ಕಣ್ಣು ಕೋರೈಸಿದೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆಂದು ದಾದಿ ಸಮಾಧಾನ ಹೇಳಿದಳು. ಅದೇ ಸಂಜೆ ದಾದರಿನಲ್ಲಿ ಬದಲಾಪುರದ ರೈಲು ಹತ್ತಿದೆವು. ಕಪ್ಪು ಕನ್ನಡಕ ಕಂಡು ಒಬ್ಬರು ಎದ್ದು ಜಾಗ ಕೊಟ್ಟರು. ಆ ಹೊತ್ತಿನ ಬದಲಾಪುರದ ಗಾಡಿಯಲ್ಲಿ ಜಾಗ ಸಿಗುವುದು ಲೇಸರಿಗಿಂತ ದೊಡ್ಡ ಪವಾಡವೆಂದು ಆ ಮಾರ್ಗದ ಪ್ರಯಾಣಿಕರು ಒಪ್ಪುತ್ತಾರೆ.

ಒಂದು ವಾರದ ಮೇಲೆ ಶಾಲೆಗೆ ಬಂದಾಗ ಆ ಹುಡುಗ ತರಗತಿಯಲ್ಲಿರಲಿಲ್ಲ. ನಾವು ರಜೆ ಹಾಕಿದ ದಿನದಿಂದಲೂ ಬಂದಿಲ್ಲವೆಂದರು. ಮಧ್ಯಾಹ್ನ ಅವನ ತಂದೆ ಅವನನ್ನು ಕರೆದುಕೊಂಡು ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಿಂತರು. ಕಲಬುರಗಿ ಸೀಮೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರು. ತಲೆಗೂದಲಲ್ಲಿ ಸಿಮೆಂಟಿನ ಧೂಳಿತ್ತು. "ಸರ, ಹುಡುಗ ಬರೋಬರಿ ಉಂಡಿಲ್ರಿ. ಖರ್ಚು ಎಷ್ಟಾಗ್ಯಾದ ಹೇಳ್ರಿ" ಎಂದು ಕರವಸ್ತ್ರದ ಗಂಟು ಬಿಚ್ಚತೊಡಗಿದರು. ನಾವು ಅವರ ಕೈ ಹಿಡಿದು ನಿಲ್ಲಿಸಿದೆವು. ಅವನದೇನೂ ತಪ್ಪಿಲ್ಲ, ಆಟದಲ್ಲಿ ಆದುದು ಎಂದೆವು. ಹುಡುಗ ನೆಲ ನೋಡುತ್ತಲೇ, "ಸರ, ನೀವು ಏನೂ ಆಗಿಲ್ಲ ಅಂದಿದ್ರಿ" ಎಂದ.

ಮೂವತ್ತು ದಾಟಿದ ನಾವು ಹದಿನಾಲ್ಕರ ಹುಡುಗನೆದುರು ತಲೆತಗ್ಗಿಸಿದೆವು. ಅವನಿಗೆ ನೋವಾಗಬಾರದೆಂದು ಆಡಿದ ಮಾತು ಅವನಿಗೆ ಹೆಚ್ಚಿನ ನೋವನ್ನೇ ತಂದಿತ್ತು. ನಾವು ಸಿಟ್ಟಿನಿಂದ ಮುಚ್ಚಿಟ್ಟೆವೆಂದು ಅವನು ತಿಳಿದಿದ್ದ. ಆ ಮಾತು ಸುಳ್ಳಾಗಿತ್ತೆಂದು ಅವನ ತಂದೆಯ ಎದುರಿಗೇ ಒಪ್ಪಿಕೊಂಡೆವು. ತರುವಾಯ ಇಬ್ಬರನ್ನೂ ಖಾಲಿ ತರಗತಿಗೆ ಕರೆದೊಯ್ದು, ಕಪ್ಪುಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದು ಎಲ್ಲವನ್ನೂ ವಿವರಿಸಿದೆವು. ಹುಡುಗನಿಗೆ ಮೆಲ್ಲಗೆ ಕುತೂಹಲ ಹುಟ್ಟಿತು. "ಲೇಸರ್ ಅಂದ್ರ ಒಳಗ ಸುಡತಾರೇನ್ರಿ?" ಎಂದ. ಹೌದು, ಸುಡುತ್ತಾರೆ. ಅದರ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ.

1945ರ ಜುಲೈ 9ರಂದು ಯೂರೋಪಿನಲ್ಲಿ ಸೂರ್ಯಗ್ರಹಣ ಕಂಡಿತು. 2019ರ ಡಿಸೆಂಬರ್ 26ರಂದು ಕಾಸರಗೋಡು, ಮಂಗಳೂರುಗಳಲ್ಲಿ ಕಂಕಣಗ್ರಹಣವಾದಾಗ ಬರಿಗಣ್ಣಿನಿಂದ ನೋಡಬಾರದೆಂದು ಸಾರಿದ್ದು ನಿಮ್ಮ ಮನೆಯವರಿಗೆ ನೆನಪಿರಬಹುದು. ಹಾಗೆ ಬರಿಗಣ್ಣಿನಿಂದ ನೋಡಿದ ಒಬ್ಬ ತರುಣನ ಕಣ್ಣನ್ನು ಜರ್ಮನಿಯ ಮೇಯರ್-ಶ್ವಿಕೆರಾತ್ ಎಂಬ ವೈದ್ಯರು ಪರೀಕ್ಷಿಸಿದರು. ಬಿಸಿಲು ಕಾಯಿಸಿದ ಗಾಜು ತರಗೆಲೆಯನ್ನು ಸುಡುವಂತೆ, ಕಣ್ಣಿನ ಮಸೂರವೇ ಸೂರ್ಯನನ್ನು ಒಂದು ಬಿಂದುವಾಗಿ ಕೂಡಿಸಿ ಅಕ್ಷಿಪಟಲವನ್ನು ಸುಟ್ಟಿತ್ತು. ಸುಟ್ಟಲ್ಲಿ ಗಾಯ ಮಾಗಿ ಕಲೆಯಾಗುತ್ತದೆ, ಕಲೆಯಾದಲ್ಲಿ ಪಟಲ ಗೋಡೆಗೆ ಬಿಗಿಯಾಗಿ ಅಂಟುತ್ತದೆ. ಹಾಗಾದರೆ ಹರಕಿನ ಸುತ್ತ ಬೇಕೆಂದೇ ಸುಟ್ಟರೇನು ಎಂದು ಅವರಿಗೆ ತೋರಿತು. ಹ್ಯಾಂಬರ್ಗ್ ನಗರದ ಆಸ್ಪತ್ರೆಯ ಮೇಲ್ಮಾಳಿಗೆಯಿಂದ ಕನ್ನಡಿಗಳ ಮೂಲಕ ಬಿಸಿಲನ್ನೇ ಇಳಿಸಿ ರೋಗಿಗಳ ಕಣ್ಣಿಗೆ ಹಾಯಿಸಿದರು. ಮೋಡ ಕವಿದ ದಿನ ಚಿಕಿತ್ಸೆಯಿಲ್ಲ. ಮುಂದೆ ಬಿಸಿಲಿನ ಬದಲು ಝೆನಾನ್ ದೀಪ ಬಂತು. 1960ರ ಮೇ 16ರಂದು ಅಮೇರಿಕದಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣ ಹೊಮ್ಮಿಸಿದ ಮೇಲೆ, ಅದನ್ನು ಬಹುಬೇಗ ತಮ್ಮದಾಗಿಸಿಕೊಂಡವರಲ್ಲಿ ನೇತ್ರವೈದ್ಯರು ಮೊದಲಿಗರು.

ಹಸುರು ಬಣ್ಣವೇ ಏಕೆಂದು ನಮ್ಮ ಹುಡುಗ ಕೇಳಲಿಲ್ಲ, ಆದರೂ ಹೇಳಿದೆವು. ಹಸುರು ಕಿರಣ ತಿಳಿಯಾದ ಲೋಳೆಯನ್ನು ನೋಯಿಸದೆ ದಾಟಿ, ಪಟಲದ ಹಿಂದಣ ಕಪ್ಪು ಪದರಿನಲ್ಲಿ ಹೀರಲ್ಪಟ್ಟು ಅಲ್ಲಿ ಮಾತ್ರ ಕಾವಾಗುತ್ತದೆ. ಆದರೆ ರಕ್ತವೂ ಹಸುರನ್ನು ಹೀರುತ್ತದೆ. ರಕ್ತ ದಟ್ಟವಾಗಿದ್ದರೆ ಕಿರಣ ದಾರಿಯಲ್ಲೇ ನಿಲ್ಲುತ್ತದೆ. ಮೂರು ದಿಂಬುಗಳ ಮರ್ಮ ಅದು. ಹುಡುಗನ ತಂದೆ ಇಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದವರು ಹಲಗೆಯ ಹತ್ತಿರ ಬಂದು, ಹರಕಿನ ಸುತ್ತ ನಾವು ಇಟ್ಟ ಚುಕ್ಕೆಗಳ ಮೇಲೆ ಬೆರಳಾಡಿಸಿ, "ಹೊಲಕ್ಕ ಒಡ್ಡು ಹಾಕಿದಾಂಗ್ರಿ" ಎಂದರು. ನಾವು ಇಷ್ಟುದ್ದ ಹೇಳಿದ್ದನ್ನು ಅವರು ಮೂರು ಮಾತಿನಲ್ಲಿ ಮುಗಿಸಿದರು. ಆದರೆ ಒಡ್ಡು ಗಟ್ಟಿಯಾಗಲು ಹತ್ತು ಹದಿನಾಲ್ಕು ದಿನ ಬೇಕು. ಅದಕ್ಕೇ ಓಡಬಾರದು, ಭಾರ ಎತ್ತಬಾರದು, ಹೇಳಿದ ದಿನ ತಪ್ಪದೆ ತೋರಿಸಬೇಕು.

ಲೇಸರ್ ರಕ್ತವನ್ನು ತೆಗೆಯಿತೆಂದು ಮಾತ್ರ ತಿಳಿಯಬೇಡಿ. ಚಿಕಿತ್ಸೆಯಾದರೂ ಹೊಗೆ ಹೋಗಿಲ್ಲವಲ್ಲ, ಮೋಸವಾಯಿತೇ ಎಂದು ನಮ್ಮ ಸಹೋದ್ಯೋಗಿಗಳೊಬ್ಬರು ಕಳವಳಪಟ್ಟರು. ಕಿರಣದ ಕೆಲಸ ಒಡ್ಡು ಹಾಕುವುದು. ಕದಡಿದ ರಕ್ತವನ್ನು ಶರೀರವೇ ಮೆಲ್ಲಗೆ ಹೀರಿಕೊಳ್ಳಬೇಕು. ಆಷಾಢದಲ್ಲಿ ನಮ್ಮೂರ ಉಲ್ಹಾಸ ನದಿ ಕೆಂಪಾಗಿ ಹರಿಯುತ್ತದೆ, ಯಾರೂ ಸೋಸದಿದ್ದರೂ ಕಾರ್ತಿಕಕ್ಕೆ ತಿಳಿಯಾಗುತ್ತದೆ. ನಮ್ಮ ಕಣ್ಣು ಯುಗಾದಿಯ ಹೊತ್ತಿಗೆ ತಿಳಿಯಾಯಿತು. ತಿಳಿಯಾಗದಿದ್ದರೆ ಆ ಲೋಳೆಯನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯುಂಟು. ರಾಬರ್ಟ್ ಮ್ಯಾಕೆಮರ್ ಎಂಬವರು 1970ರಲ್ಲಿ ಅದಕ್ಕೆ ದಾರಿ ತೆರೆದರು. ನಮಗೆ ಅದರ ಅಗತ್ಯ ಬೀಳಲಿಲ್ಲ. ಪೆಟ್ಟು ತಿಂದ ಕಣ್ಣಿನಲ್ಲಿ ವರ್ಷಗಳ ತರುವಾಯವೂ ಒತ್ತಡ ಏರಬಹುದಾದ್ದರಿಂದ ವರ್ಷಕ್ಕೊಮ್ಮೆ ಅಳೆಯಿಸಬೇಕೆಂದು ಹೇಳಿದ್ದಾರೆ.

ಹುಡುಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ, ಆಡುವುದನ್ನು ಬಿಟ್ಟಿಲ್ಲ. ಕಳೆದ ತಿಂಗಳು ಮೈದಾನದಲ್ಲಿ ಒಬ್ಬ ಚಿಕ್ಕ ಹುಡುಗನ ಹುಬ್ಬಿಗೆ ಚೆಂಡು ತಗುಲಿದಾಗ, ಆ ಹುಡುಗ ಏನೂ ಆಗಿಲ್ಲವೆಂದು ಅಳುತ್ತ ಹೇಳಿದರೂ ಕೇಳದೆ, ಒಂದೊಂದು ಕಣ್ಣನ್ನೂ ಮುಚ್ಚಿಸಿ ಬೆರಳು ಎಣಿಸಿ ತೋರಿಸುತ್ತಿದ್ದ. ಅಷ್ಟಕ್ಕೂ ಬಿಡದೆ ಕೈ ಹಿಡಿದು ನಮ್ಮಲ್ಲಿಗೆ ಕರೆತಂದ. ಆ ಸಂಜೆಯೇ ವೈದ್ಯರಿಗೆ ತೋರಿಸಿದೆವು. ಏನೂ ಆಗಿರಲಿಲ್ಲ.

ನಮ್ಮ ಎಡಗಣ್ಣಿನಲ್ಲಿ ಆ ಉಂಗುರವೊಂದು ಉಳಿದುಕೊಂಡಿದೆ. ಅದು ಹೋಗಲಾರದು, ಅಪಾಯವೂ ಇಲ್ಲವಂತೆ. ಬಿಳಿಯ ಕಾಗದದ ಮೇಲೆ ಈಗಲೂ ತೇಲಿಬಂದು ಬೇಕಾದಲ್ಲಿ, ಬೇಡವಾದಲ್ಲಿ ಸೊನ್ನೆಯಾಗಿ ಕೂರುತ್ತದೆ. ಆದರೆ ಉತ್ತರಪತ್ರಿಕೆಯ ಪ್ರತಿಯೊಂದು ಅನುಸ್ವಾರವನ್ನೂ ನಾವು ಈಗ ಬಲಗಣ್ಣಿನಿಂದ ಇನ್ನೊಮ್ಮೆ ನೋಡುತ್ತೇವೆ.